ಕಿತ್ತಳೆ ಸೂಟಿನ ಗಿಡ್ಡ ತೋಳು

“ಇದು ಇವ್ರಲ್ಲ, ಅಣ್ಣ.”

ಅಂಗಡಿಯವನು ಬೇರೆ ಯಾರದೋ ಗಂಟು ಕೊಟ್ಟು ಕಳಿಸಿದ್ದಾನೆ ಎಂದು ದೂರುವ ಹಾಗಿತ್ತು ತಂಗಿಯ ದನಿ. ಮೆಟ್ಟಿಲು ಸಾಹೇಬರು ಬಾಯಿಯವರೆಗೆ ತಂದಿದ್ದ ಟೀ ಲೋಟವನ್ನು ಅಲ್ಲೇ ಹಿಡಿದು ನಿಂತರು.

ಹೊಲಿಗೆ ಮೇಜಿನ ಮೇಲೆ ಫೋಟೊ ಇತ್ತು. ಏಳು ಸಾವಿರ ಮೀಟರಿಗೆ ಸ್ವಲ್ಪವೇ ಕಡಿಮೆಯಿರುವ ಶಿಖರದ ನೆತ್ತಿ, ಕಡುನೀಲಿ ಆಕಾಶ, ಎರಡೂ ಕೈ ಮೇಲೆತ್ತಿ ನಿಂತ ಕಿತ್ತಳೆ ಬಣ್ಣದ ಸೂಟಿನ ಮನುಷ್ಯ. ಕಣ್ಣಿಗೆ ಕಪ್ಪು ಕನ್ನಡಕ, ಮೂಗು ಬಾಯಿಗೆ ಉಣ್ಣೆಯ ಮುಸುಕು. ಮುಖ ಬೆರಳಗಲವೂ ಕಾಣುತ್ತಿರಲಿಲ್ಲ. ಆದರೆ ಆ ಸೂಟನ್ನು ಗುರುತಿಸದವರು ಊರಲ್ಲೇ ಇರಲಿಲ್ಲ. ಹಕ್ಕಿಪುಕ್ಕ ತುಂಬಿ, ನಲವತ್ತು ದಿನ ಕೂತು, ತಂಗಿಯೇ ಗಂಡನಿಗೆಂದು ಹೊಲಿದದ್ದು ಅದು.

ಆ ಗಂಡ, ಅಂದರೆ ಸಾಹೇಬರ ಭಾವ, ಬೆಟ್ಟದಿಂದ ಇಳಿಯದೆ ಇಂದಿಗೆ ನಾಲ್ಕನೇ ದಿನ. ಅವರ ಜೊತೆ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಹೋಗಿದ್ದ ಡ್ರಾಯಿಂಗ್ ಮೇಷ್ಟ್ರು ಒಬ್ಬರೇ ಇಳಿದು ಬಂದು ಆಸ್ಪತ್ರೆ ಸೇರಿದ್ದರು. ಫೋಟೊ ಸಿಕ್ಕಿದ್ದು ಅವರು ತಂದ ಕ್ಯಾಮೆರಾದಲ್ಲಿ. ಸಂಜೆ ನಾಲ್ಕಕ್ಕೆ ಹುಡುಕಾಟ ನಿಲ್ಲಿಸುವ ಕಾಗದಕ್ಕೆ ತಂಗಿ ಸಹಿ ಹಾಕಬೇಕಿತ್ತು. ಗೋಡೆ ಗಡಿಯಾರದಲ್ಲಿ ಆಗಲೇ ಒಂದೂವರೆ.

“ತೋಳು ನೋಡು,” ಎಂದಳು ತಂಗಿ, ಅಳತೆ ಟೇಪಿನ ತುದಿಯಿಂದ ಫೋಟೊ ಮುಟ್ಟಿ. “ಗವಸಿಗೂ ತೋಳಿಗೂ ನಡುವೆ ಬೂದು ಬಣ್ಣದ್ದೇನೋ ಕಾಣ್ತಿದೆಯಲ್ಲ, ಅದು ಒಳ ಅಂಗಿ.”

“ಕೈ ಮೇಲೆತ್ತಿದಾರೆ ಪುಟ್ಟಿ. ತೋಳು ಮೇಲಕ್ಕೆ ಸರಿದಿರುತ್ತೆ.”

“ನಿನ್ನ ಅಂಗಿ ಆದ್ರೆ ಸರಿಯುತ್ತೆ. ನಿನ್ನಂಥೋರಿಗೆ ಕೈ ಇಳಿಬಿಡಿಸಿ ಅಳತೆ ತಗೋತಾರೆ. ಬೆಟ್ಟ ಹತ್ತೋರಿಗೆ ಕೈ ಎತ್ತಿಸಿ ತಗೋಬೇಕು. ದಿನವೆಲ್ಲ ಕೈ ಮೇಲೇ ಇರುತ್ತಲ್ಲ! ಮೊದಲನೇ ಸಲ ಅಳತೆ ತಗೊಂಡಾಗ ಇವ್ರು ‘ನಿಮ್ಮಣ್ಣ ಪೊಲೀಸು ಸರಿ, ನೀನೂ ಕೈ ಎತ್ತಿಸ್ತೀಯಲ್ಲೇ’ ಅಂತ ನಕ್ಕಿದ್ರು.” ಆಕೆಯ ದನಿ ಒಂದು ಕ್ಷಣ ಜಾರಿ ಮತ್ತೆ ನೆಟ್ಟಗಾಯಿತು. “ಮಂಡಿ ಪಟ್ಟಿ ನೋಡು, ಎಲ್ಲಿದೆ?”

ಮಂಡಿಯ ಮೇಲಿರಬೇಕಾದ ದಪ್ಪ ಪಟ್ಟಿ ಮಂಡಿಗಿಂತ ಮೇಲೆ, ತೊಡೆಯ ಮೇಲಿತ್ತು.

“ಇಪ್ಪತ್ತಾರು ವರ್ಷದಿಂದ ಇವ್ರಿಗೆ ಬಟ್ಟೆ ಹೊಲೀತಿದೀನಿ. ನಾನು ಹೊಲಿದಿದ್ದು ಇವ್ರಿಗೆ ಗಿಡ್ಡ ಆಗೋಕೆ ಸಾಧ್ಯಾನೇ ಇಲ್ಲ. ಇದ್ರೊಳಗಿರೋರು ಇವ್ರಿಗಿಂತ ನಾಲ್ಕು ಬೆರಳು ಉದ್ದ ಕೈಯೋರು.”

ಸಾಹೇಬರು ಲೋಟ ಕೆಳಗಿಟ್ಟರು. ಶಿಖರದ ಮೇಲೆ ಇದ್ದವರು ಇಬ್ಬರೇ. ಅವರಲ್ಲಿ ನಾಲ್ಕು ಬೆರಳು ಉದ್ದ ಕೈಯವರು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ.

ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯಲ್ಲಿ ಸವೆದ ಬುದ್ಧಿ ತಕ್ಷಣ ಕೆಟ್ಟದ್ದರ ಕಡೆಗೇ ಓಡಿತು. ಮೈಮೇಲಿನ ಬಟ್ಟೆಯನ್ನು ಮನುಷ್ಯ ಅಂಥ ಚಳಿಯಲ್ಲಿ ತಾನಾಗಿ ಬಿಚ್ಚಿಕೊಡುತ್ತಾನೆಯೇ? ಊರಿನವರ ಬಾಯಲ್ಲಿ ಎರಡು ದಿನದಿಂದ ಒಂದೇ ಮಾತು: ಮುಂದಿನ ವರ್ಷ ತಂಡದ ಮುಂದಾಳು ಆಗುವ ಆಸೆಗೆ ಮೇಷ್ಟ್ರು ಹಗ್ಗ ಬಿಚ್ಚಿ ಕೈ ತೊಳೆದುಕೊಂಡರು ಎಂದು. ಸಾಹೇಬರು ಅದನ್ನು ಇದುವರೆಗೆ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಹಾಕಿಕೊಳ್ಳಬೇಕಾಯಿತು.

“ಫೋಟೊ ತೆಗೆದೋರು ಇವ್ರೇ,” ಎಂದಳು ತಂಗಿ ಇದ್ದಕ್ಕಿದ್ದಂತೆ.

“ಅದು ಹೇಗೆ ಹೇಳ್ತೀಯ?”

“ಓರೆಯಾಗಿದೆ.”

ನಿಜ. ಇಡೀ ಬೆಟ್ಟದ ಸಾಲು ಎಡಕ್ಕೆ ವಾಲಿತ್ತು. ಸಾಹೇಬರಿಗೆ ಅಷ್ಟು ದುಃಖದಲ್ಲೂ ನಗು ಬಂತು. ಭಾವ ತೆಗೆದ ಫೋಟೊಗಳಲ್ಲಿ ಜಗತ್ತು ಯಾವತ್ತೂ ಎಡಕ್ಕೆ ವಾಲಿಕೊಂಡೇ ಇರುತ್ತಿತ್ತು. ಸಾಹೇಬರ ನಿವೃತ್ತಿಯ ದಿನದ ಆಲ್ಬಮ್ಮಿನಲ್ಲಿ ಇಲಾಖೆಯ ದೊಡ್ಡ ಅಧಿಕಾರಿಗಳೆಲ್ಲ ಹಡಗಿನಲ್ಲಿ ನಿಂತವರಂತೆ ಕಾಣುತ್ತಿದ್ದರು. ಅಲ್ಲಿಗೆ ಒಂದಂತೂ ಖಚಿತವಾಯಿತು: ಶಿಖರದ ಮೇಲೆ ಭಾವ ಜೀವಂತವಾಗಿದ್ದರು, ಮತ್ತು ತಮ್ಮ ಸೂಟು ತೊಟ್ಟಿದ್ದವರ ಫೋಟೊವನ್ನು ತಾವಾಗಿಯೇ ತೆಗೆದಿದ್ದರು.

“ಹೊರಡು,” ಎಂದರು ಸಾಹೇಬರು. “ಮೇಷ್ಟ್ರನ್ನ ನೋಡೋಣ.”

*

ಆಸ್ಪತ್ರೆಯ ವಾರ್ಡು ಎರಡನೇ ಮಹಡಿಯಲ್ಲಿತ್ತು. ಸಾಹೇಬರು ಪ್ರತಿ ತಿರುವಿನಲ್ಲೂ ಮೆಟ್ಟಿಲ ಕಂಬಿ ಹಿಡಿದು ನಿಂತು ಉಸಿರು ತೆಗೆದುಕೊಂಡರು. ಮಂಡಿ ನೋವು ನೆಪ. ನಿಜವೇನೆಂದರೆ ಅವರಿಗೆ ಎತ್ತರ ಎಂದರೆ ಆಗದು. ಕುರ್ಚಿ ಹತ್ತಿ ಬಲ್ಬು ಹಾಕುವುದಕ್ಕೂ ಹೆಂಡತಿಯನ್ನು ಕರೆಯುವ ಪೈಕಿ. ಮೆಟ್ಟಿಲು ಸಾಹೇಬ ಎಂಬ ಹೆಸರಿಟ್ಟವರು ಭಾವನೇ. ಇಟ್ಟು, ಊರಿಗೆಲ್ಲ ಹಂಚಿ, ಸಾಹೇಬರು ಮುನಿಸಿಕೊಂಡಾಗ ತಿಂಗಳುಗಟ್ಟಲೆ ಸಮಾಧಾನ ಮಾಡಿದ್ದರು.

ಒಮ್ಮೆ ಸಾಹೇಬರು ಕೇಳಿದ್ದುಂಟು. ಕಾಲ ಬೆರಳು ಕಳಕೊಂಡು, ಉಸಿರು ಸಿಗದೆ, ಜೀವ ಅಂಗೈಯಲ್ಲಿ ಹಿಡಕೊಂಡು ಹತ್ತಿ ಅಲ್ಲೇನು ಸಿಗುತ್ತೆ ಮಾರಾಯ? ಭಾವ ಹೇಳಿದ್ದರು: “ಮೇಲೆ ಹತ್ತು ನಿಮಿಷ ಇರ್ತೀನಿ. ಆ ಹತ್ತು ನಿಮಿಷ ನಂಗೆ ಯಾರ ಮೇಲೂ ಕೋಪ ಇರಲ್ಲ. ಆಮೇಲೆ ಇಳಿದು ಬಂದು ನಿಮ್ಮ ತಂಗಿ ಕೈ ಟೀ ಕುಡೀತೀನಲ್ಲ, ಅಂಥ ಟೀ ನೀವು ಜನ್ಮದಲ್ಲಿ ಕುಡಿದಿಲ್ಲ ಸಾಹೇಬ್ರೆ.”

ಆ ಮಾತು ನೆನಪಾಗಿ ಸಾಹೇಬರು ಕೊನೆಯ ಹತ್ತು ಮೆಟ್ಟಿಲನ್ನು ಸಿಟ್ಟಿನಿಂದಲೇ ಹತ್ತಿದರು.

ಮೇಷ್ಟ್ರು ಕಿಟಕಿ ಪಕ್ಕದ ಹಾಸಿಗೆಯಲ್ಲಿ ದಿಂಬಿಗೊರಗಿ ಕೂತಿದ್ದರು. ಮಂಚ ಸಾಲದಷ್ಟು ಉದ್ದದ ಮನುಷ್ಯ. ಹಿಮ ಕಚ್ಚಿದ ಎರಡೂ ಕೈಗೆ ಬ್ಯಾಂಡೇಜು ಸುತ್ತಿ ಎರಡು ಸಣ್ಣ ದಿಂಬುಗಳ ಹಾಗೆ ಮಾಡಿದ್ದರು. ತಂಗಿಯನ್ನು ಕಂಡದ್ದೇ ಏಳಲು ಹೋದರು.

“ಕೂತ್ಕೊಳ್ಳಿ,” ಎಂದರು ಸಾಹೇಬರು, ತಾವೂ ಸ್ಟೂಲು ಎಳೆದುಕೊಂಡು. “ಒಂದೇ ಪ್ರಶ್ನೆ. ನೀವು ಇಳಿದು ಬಂದಾಗ ತೆಳು ಜಾಕೆಟ್ಟಿನಲ್ಲಿದ್ರಿ. ಪುಕ್ಕದ ಸೂಟು ಎರಡನೇ ಶಿಬಿರದಲ್ಲಿ ಬಿಟ್ಟೆ ಅಂದ್ರಿ. ಸರಿ, ಕೆಳಗೆ ಅಷ್ಟು ಚಳಿ ಇಲ್ಲ, ಎಲ್ಲರೂ ಬಿಡ್ತಾರೆ. ಈಗ ನಾನು ವೈರ್‌ಲೆಸ್ಸಿನಲ್ಲಿ ಆ ಶಿಬಿರದೋರಿಗೆ ಹೇಳಿ ಡೇರೆ ಹುಡುಕಿಸಿದ್ರೆ ಯಾವ ಬಣ್ಣದ ಸೂಟು ಸಿಗುತ್ತೆ?”

ಮೇಷ್ಟ್ರ ಮುಖದ ಬಣ್ಣ ಹೋಯಿತು.

“ನಂದು ನೀಲಿ ಸೂಟು, ಸಾರ್.”

“ನಿಮ್ಮ ಸೂಟಿನ ಬಣ್ಣ ನಂಗೊತ್ತು. ಅಲ್ಲಿರೋದರ ಬಣ್ಣ ಕೇಳಿದೆ.”

ಪಕ್ಕದ ಹಾಸಿಗೆಯವರು ರೇಡಿಯೊ ಸದ್ದು ಕಡಿಮೆ ಮಾಡಿದರು. ತಂಗಿ ಫೋಟೊವನ್ನು ಮೇಷ್ಟ್ರ ಮಡಿಲಿಗಿಟ್ಟು, ತೋಳಿನ ಮೇಲೆ ಬೆರಳಿಟ್ಟಳು.

“ಇಲ್ಲಿ ಬೂದು ಕಾಣ್ತಿದೆ ಮೇಷ್ಟ್ರೆ. ನಿಮ್ಮ ಒಳ ಅಂಗಿ.”

ಮೇಷ್ಟ್ರು ಫೋಟೊ ನೋಡಿದರು, ಆಕೆಯನ್ನು ನೋಡಿದರು, ಬ್ಯಾಂಡೇಜು ಸುತ್ತಿದ ಕೈಗಳಲ್ಲಿ ಮುಖ ಮುಚ್ಚಿಕೊಂಡು ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟರು.

“ನಾನು ಕಿತ್ತುಕೊಳ್ಳಲಿಲ್ಲ ಅಕ್ಕಾ. ದೇವರಾಣೆಗೂ ಕಿತ್ತುಕೊಳ್ಳಲಿಲ್ಲ.”

“ಅದು ಗೊತ್ತು,” ಎಂದಳು ತಂಗಿ. “ನಿಮ್ಮ ಕೈಲಿ ಇವ್ರಿಂದ ಒಂದು ಬಿಸ್ಕತ್ತು ಕಿತ್ಕೊಳ್ಳೋಕೂ ಆಗಲ್ಲ. ಆಗಿದ್ದು ಹೇಳಿ.”

ಅಳು ನಿಲ್ಲಿಸಿ ಮೇಷ್ಟ್ರು ಹೇಳಿದ್ದಿಷ್ಟು. ಕೊನೆಯ ಶಿಬಿರದಲ್ಲಿ, ಶಿಖರಕ್ಕೆ ಹೊರಡುವ ಹೊತ್ತಿಗೆ ಅವರ ನೀಲಿ ಸೂಟಿನ ಜಿಪ್ಪು ಕೊರಳಿಂದ ಹೊಟ್ಟೆಯವರೆಗೆ ಬಾಯಿಬಿಟ್ಟಿತು. ಅಲ್ಲಿಗೆ ಅವರ ಪಾಲಿನ ಬೆಟ್ಟ ಮುಗಿದ ಹಾಗೆ. ಎರಡು ಸಲ ಅರ್ಧದಿಂದ ವಾಪಸಾಗಿದ್ದವರು, ಮೂರನೇ ಸಲವೂ ಅದೇ ಹಣೆಬರಹ ಎಂದು ಡೇರೆಯ ಮೂಲೆಯಲ್ಲಿ ಮುಖ ಇಳಿಬಿಟ್ಟು ಕೂತರು.

“ಅವ್ರು ನನ್ನನ್ನೇ ನೋಡಿದ್ರು. ಆಮೇಲೆ ತಮ್ಮ ಸೂಟು ಬಿಚ್ಚೋಕೆ ಶುರು ಮಾಡಿದ್ರು. ನಾನು ಆ ಮೇಲ್ಗಡೆ ಮೂರು ಸಲ ನೋಡಿದೀನಿ, ನೀನು ಒಂದ್ಸಲ ನೋಡು ಅಂದ್ರು. ನಾನು ಬೇಡ ಅಂದೆ ಅಕ್ಕಾ. ಬೇಡ ಅಂದೆ, ಆದ್ರೆ...” ಮೇಷ್ಟ್ರು ತಲೆ ತಗ್ಗಿಸಿದರು. “ಜೋರಾಗಿ ಬೇಡ ಅನ್ನಲಿಲ್ಲ.”

ಬೆಟ್ಟದ ಆಸೆ ಎಂಥದೆಂದು ಆ ಒಂದು ಮಾತಿನಲ್ಲಿ ಸಾಹೇಬರಿಗೆ ಅರ್ಥವಾಯಿತು. ಇಪ್ಪತ್ತಾರು ವರ್ಷ ಭಾವ ವಿವರಿಸಿದರೂ ಆಗಿರಲಿಲ್ಲ.

“ನೀಲಿದು ಇವ್ರು ಹಾಕ್ಕೊಂಡ್ರಾ? ಜಿಪ್ಪು ಹೋದದ್ದು?” ತಂಗಿಯ ದನಿ ಏರಿತು.

“ಹೊಲಿಗೆ ಬಿಟ್ರೆ ನಿನ್ನ ಕೈಲಿ ಚಳಿ ತಡೆಯೋಕಾಗಲ್ಲ ಅಂತ ತಾವೇ ಹಾಕ್ಕೊಂಡು, ಮುಂಭಾಗ ಸೂಜಿ ದಾರದಲ್ಲಿ ಹೊಲಕೊಂಡ್ರು. ತಮ್ಮನ್ನೇ ಒಳಗೆ ಸೇರಿಸಿ ಹೊಲಕೊಂಡ್ರು. ಸೂಜಿ ನೀವು ಸೂಟಿನ ಜೇಬಲ್ಲಿ ಇಟ್ಟಿದ್ರಂತೆ.”

“ಯಾವ ಹೊಲಿಗೆ?”

“ಅಕ್ಕಾ?”

“ಯಾವ ಹೊಲಿಗೆ ಹಾಕಿದ್ರು ಮೇಷ್ಟ್ರೆ? ನೀವು ಚಿತ್ರ ಬರೆಯೋರು, ನೋಡಿರ್ತೀರ. ಸುಮ್ನೆ ಉದ್ದಕ್ಕೆ ಓಡಿಸಿದ್ರಾ, ಇಲ್ಲ...”

ಮೇಷ್ಟ್ರು ಬ್ಯಾಂಡೇಜಿನ ಕೈಯಿಂದ ಗಾಳಿಯಲ್ಲಿ ತೋರಿಸಿದರು. “ಒಂದು ಹೆಜ್ಜೆ ಹಿಂದೆ ಹೋಗಿ, ಎರಡು ಹೆಜ್ಜೆ ಮುಂದೆ. ಹಾಗೇ ಪೂರ್ತಿ. ಒಂದು ಗಂಟೆ ತಗೊಂಡ್ರು. ಇಷ್ಟು ಒತ್ತಾಗಿ ಯಾಕೆ ಅಂದ್ರೆ, ಹೆಂಡತಿ ನೋಡಿದ್ರೆ ಬೈತಾಳೆ ಅಂದ್ರು.”

ತಂಗಿಯ ಕಣ್ಣು ತುಂಬಿ ಬಂತು. ಅಷ್ಟೂ ದಿನ ತಡೆದುಕೊಂಡಿದ್ದು. “ಹಾಗಾದ್ರೆ ಗಾಳಿ ಒಳಗೆ ಹೋಗಲ್ಲ,” ಎಂದಳು ಅಣ್ಣನ ಕಡೆ ತಿರುಗಿ. “ಆ ಹೊಲಿಗೆ ನಾನೇ ಕಲಿಸಿದ್ದು. ಹತ್ತು ಸಲ ಬಿಚ್ಚಿಸಿ ಬಿಚ್ಚಿಸಿ ಕಲಿಸಿದ್ದೆ.”

“ಮುಂದೆ?” ಎಂದರು ಸಾಹೇಬರು. ಗಡಿಯಾರ ಎರಡೂಮುಕ್ಕಾಲು ತೋರಿಸುತ್ತಿತ್ತು.

ಶಿಖರ ಮುಟ್ಟಿದ್ದು, ಫೋಟೊ ತೆಗೆದದ್ದು, ಇಬ್ಬರೂ ತಬ್ಬಿಕೊಂಡು ನಕ್ಕಿದ್ದು ಎಲ್ಲ ಆಯಿತು. ಇಳಿಯುವಾಗ ಬೆಟ್ಟದ ಭುಜದಂತಿರುವ ಸಮತಟ್ಟಿನಲ್ಲಿ ಎಡವಟ್ಟಾಯಿತು. ತಂಗಿ ಹೊಲಿಯುವ ಸೂಟುಗಳಲ್ಲಿ ಎರಡು ಗವಸುಗಳಿಗೂ ದಾರ ಕಟ್ಟಿ ತೋಳಿನೊಳಗಿಂದ ಹಾಯಿಸಿರುತ್ತಾಳೆ. ಮಕ್ಕಳಿಗೆ ಮಾಡುವ ಹಾಗೆ ಎಂದು ಊರಿನ ಬೆಟ್ಟ ಹತ್ತುವವರೆಲ್ಲ ಹಂಗಿಸುತ್ತಿದ್ದರು. ಮೇಷ್ಟ್ರ ಸೂಟು ಕಾರ್ಖಾನೆಯದು. ಅದರಲ್ಲಿ ದಾರವಿಲ್ಲ. ಹಗ್ಗದ ಗಂಟು ಸರಿಮಾಡಲೆಂದು ಭಾವ ಬಲಗೈ ಗವಸು ಬಿಚ್ಚಿದ್ದೇ ತಡ, ಗಾಳಿ ಅದನ್ನು ಹಾರಿಸಿಕೊಂಡು ಹೋಯಿತು.

“ಬರಿಗೈ ಆದ್ರೆ ಬೆರಳು ಉಳಿಯಲ್ಲ. ಸಮತಟ್ಟು ಜಾಗ, ಇಪ್ಪತ್ತು ಹೆಜ್ಜೆ ಅಷ್ಟೇ ಅಂತ ನಾನು ಹಗ್ಗ ಬಿಚ್ಚಿ ಓಡಿದೆ. ಗವಸು ಸಿಕ್ತು. ತಿರುಗಿ ನೋಡಿದ್ರೆ ಮೋಡ ಬಿದ್ದಿದೆ, ನನ್ನ ಕೈ ನಂಗೇ ಕಾಣ್ತಿಲ್ಲ. ಕೂಗಿದೆ. ನಾಲ್ಕು ಗಂಟೆ ಅಲ್ಲೇ ಕೂಗಿದೆ. ಆಮೇಲೆ ಹಗ್ಗ ಸಿಕ್ತು. ಅವ್ರ ತುದಿಯ ಗಂಟೂ ಬಿಚ್ಚಿತ್ತು.”

ಅವರು ಮೊಣಕೈಯಿಂದ ದಿಂಬು ಸರಿಸಿದರು. ಅಡಿಯಲ್ಲಿ ಒಂದು ಗವಸು ಇತ್ತು.

“ಅವ್ರು ಬಿದ್ದು ಹೋದ್ರು ಅಂದ್ಕೊಂಡೆ. ಅವ್ರ ಸೂಟು ಹಾಕ್ಕೊಂಡು ಊರಿಗೆ ಇಳಿದ್ರೆ ಜನ ಏನಂತಾರೆ? ಅದಕ್ಕೆ ಎರಡನೇ ಶಿಬಿರದಲ್ಲಿ ಚೀಲದೊಳಗೆ ಬಚ್ಚಿಟ್ಟೆ. ಫೋಟೊ ನೋಡಿ ಎಲ್ಲರೂ ಅವ್ರೇ ಅಂದ್ರು, ನಾನು ಸುಮ್ಮನಾದೆ. ಅಲ್ದೆ ಅವ್ರು ಮಾತು ತಗೊಂಡಿದ್ರು ಅಕ್ಕಾ. ಸೂಟು ಕೊಟ್ಟಿದ್ದು ಅವಳಿಗೆ ಹೇಳ್ಬೇಡ, ನಲವತ್ತು ದಿನ ಕೂತು ಹೊಲಿದಿದಾಳೆ, ಗೊತ್ತಾದ್ರೆ ನನ್ನ ಚರ್ಮ ಸುಲೀತಾಳೆ ಅಂತ.”

“ಸುಲೀತೀನಿ,” ಎಂದಳು ತಂಗಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ಬರಲಿ, ಖಂಡಿತ ಸುಲೀತೀನಿ.”

ಸಾಹೇಬರ ತಲೆಯಲ್ಲಿ ಒಂದು ವಿಷಯ ಮೆಲ್ಲಗೆ ತಿರುಗುತ್ತಿತ್ತು. ತಿರುಗಿ ನಿಂತದ್ದೇ ಅವರು ಸ್ಟೂಲಿನಿಂದ ಎದ್ದರು.

“ಮೇಷ್ಟ್ರೆ, ಹೆಲಿಕಾಪ್ಟರಿನೋರಿಗೆ ಯಾವ ಬಣ್ಣ ಹುಡುಕೋಕೆ ಹೇಳಿದ್ರಿ?”

“ಕಿತ್ತಳೆ,” ಎಂದರು ಮೇಷ್ಟ್ರು. ಹೇಳಿದ ಮೇಲೆ ಅವರ ಬಾಯಿ ತೆರೆದೇ ಉಳಿಯಿತು. “ಇಲ್ಲ ಸಾರ್... ಅವ್ರು ಹೋಗಿಬಿಟ್ರು ಅಂತಲೇ... ಬಣ್ಣದಲ್ಲಿ ಏನಿದೆ ಅಂದ್ಕೊಂಡೆ...”

“ನೀವು ಡ್ರಾಯಿಂಗ್ ಮೇಷ್ಟ್ರು ಕಣ್ರೀ!” ಎಂದು ಕೂಗಿದರು ಸಾಹೇಬರು. ನಿವೃತ್ತಿಯಾದ ಮೇಲೆ ಅವರು ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು.

*

ಶೋಧ ಕಚೇರಿ ಮೂರನೇ ಮಹಡಿ. ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಸಾಹೇಬರು ಅಂದು ಒಂದು ತಿರುವಿನಲ್ಲೂ ನಿಲ್ಲಲಿಲ್ಲ. ಹಿಂದೆ ಓಡಿ ಬರುತ್ತಿದ್ದ ತಂಗಿ, “ಅಣ್ಣ, ನಿಧಾನ,” ಎಂದದ್ದೂ ಅವರಿಗೆ ಕೇಳಿಸಲಿಲ್ಲ.

ಕಚೇರಿಯ ಮೇಡಂ ಬಾಗಿಲಲ್ಲೇ ಎದುರಾದರು. ಹಿಂದೆ ಬೆಟ್ಟ ಹತ್ತುತ್ತಿದ್ದವರು, ಎಡಗಾಲಿನ ಬೆರಳುಗಳನ್ನು ಹಿಮಕ್ಕೆ ಕೊಟ್ಟು ಮೆತ್ತನೆಯ ಶೂ ಹಾಕಿಕೊಂಡು ಕುಂಟುತ್ತ ಓಡಾಡುವವರು. ಮೇಜಿನ ಮೇಲೆ ಸಹಿಯ ಕಾಗದ, ಅದರ ಮೇಲೆ ಪೆನ್ನು. ತಂಗಿಗೆಂದು ಕುರ್ಚಿ ಎಳೆದರು. ಸಮಯ ಮೂರೂ ಇಪ್ಪತ್ತು.

“ನೀಲಿ,” ಎಂದರು ಸಾಹೇಬರು ಏದುಸಿರಿನಲ್ಲಿ. “ಫೋಟೊಗಳಲ್ಲಿ ಎಲ್ಲಾದ್ರೂ ನೀಲಿ ಕಂಡಿತ್ತಾ?”

ಮೇಡಂ ಸಾಹೇಬರ ಮುಖ ನೋಡಿದರು. ಪ್ರಶ್ನೆ ಕೇಳುತ್ತ ಹೊತ್ತು ಕಳೆಯುವ ಹೆಂಗಸಲ್ಲ ಆಕೆ. ಗೋಡೆಗೆ ಅಂಟಿಸಿದ್ದ ಹೆಲಿಕಾಪ್ಟರ್ ಫೋಟೊಗಳಲ್ಲಿ ಎರಡನ್ನು ಕಿತ್ತು ಮೇಜಿಗೆ ತಂದರು.

“ಇಲ್ಲಿದೆ. ಆದ್ರೆ ಇದು ಹಳೇ ಡೇರೆಯ ಚಿಂದಿ. ಆರು ವರ್ಷದ ಹಿಂದೆ ಒಂದು ತಂಡ ಬಿರುಗಾಳಿಗೆ ಹೆದರಿ ಡೇರೆ, ಗ್ಯಾಸು, ಡಬ್ಬಿ ಊಟ ಎಲ್ಲ ಭುಜದ ಕೆಳಗಿನ ಈ ಕಪ್ಪು ಬಂಡೆ ಹತ್ರ ಬಿಟ್ಟು ಇಳಿದುಬಿಟ್ಟಿತ್ತು. ಆ ಡೇರೆ ನೀಲಿನೇ. ಇದನ್ನ ನಾನೇ ಪಟ್ಟಿಯಿಂದ ಹೊಡೆದು ಹಾಕಿದೆ.”

“ಗ್ಯಾಸು, ಊಟ,” ಎಂದು ತಂಗಿ ಮೆಲ್ಲಗೆ ಹೇಳಿಕೊಂಡಳು.

ಸಾಹೇಬರು ಒಂದೇ ಉಸಿರಿನಲ್ಲಿ ಸೂಟಿನ ಕಥೆ ಹೇಳಿ ಮುಗಿಸುವಷ್ಟರಲ್ಲಿ ತಂಗಿ ಎರಡು ಫೋಟೊಗಳನ್ನು ಅಕ್ಕಪಕ್ಕ ಇಟ್ಟು, ಬಟ್ಟೆಯ ಎಳೆ ನೋಡುವ ಭೂತಗನ್ನಡಿಯನ್ನು ಚೀಲದಿಂದ ತೆಗೆದಿದ್ದಳು.

“ಇದು ಯಾವಾಗಿಂದು?”

“ನಿನ್ನೆ ಬೆಳಿಗ್ಗೆ. ಮೊನ್ನೆ ಬಿರುಗಾಳಿ, ಹಾರೋಕೆ ಆಗಲಿಲ್ಲ.”

“ಇದು?”

“ಇವತ್ತು ಬೆಳಿಗ್ಗೆ.”

“ನಿನ್ನೆ ಬಂಡೆಯ ಎಡಕ್ಕಿದೆ. ಇವತ್ತು ಬಲಕ್ಕಿದೆ, ಬಿಸಿಲು ಬೀಳೋ ಕಡೆ.” ತಂಗಿ ತಲೆಯೆತ್ತಿದಳು. “ಚಿಂದಿ ಬಿಸಿಲು ಕಾಯಿಸಿಕೊಳ್ಳೋಕೆ ಎದ್ದು ಹೋಗುತ್ತಾ ಮೇಡಂ?”

ಮೇಡಂ ಭೂತಗನ್ನಡಿ ಕಸಿದುಕೊಂಡು ನೋಡಿದರು. ಆಮೇಲೆ ಸಹಿಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಸದ ಬುಟ್ಟಿಗೆ ಹಾಕಿದರು. ಸಾಹೇಬರು ಗೋಡೆಗೊರಗಿ ನಿಂತರು. ಭಾವ ಬದುಕಿದ್ದರು. ತಂಗಿ ನಗುತ್ತಿದ್ದಳು, ಅಳುತ್ತಿದ್ದಳು, ಅಣ್ಣನ ತೋಳು ಹಿಡಿದು ಅಲ್ಲಾಡಿಸುತ್ತಿದ್ದಳು.

“ಮಧ್ಯಾಹ್ನ ಹನ್ನೆರಡಕ್ಕೆ ಇನ್ನೊಂದು ಸುತ್ತು ಹಾರಿದ್ವಿ,” ಎಂದರು ಮೇಡಂ. “ಆ ಫೋಟೊ ಈಗಷ್ಟೇ ಬಂದಿದೆ. ನಾನಿನ್ನೂ ನೋಡಿಲ್ಲ.”

ಲಕೋಟೆ ಹರಿದು ಮೂರನೇ ಫೋಟೊವನ್ನು ಮೇಜಿಗಿಟ್ಟರು. ಮೂರು ತಲೆಗಳು ಒಟ್ಟಿಗೇ ಬಾಗಿದವು.

ಕಪ್ಪು ಬಂಡೆ ಇತ್ತು. ಬಿಸಿಲಿತ್ತು. ನೀಲಿ ಇರಲಿಲ್ಲ.

ಬಂಡೆಯ ಬುಡದಿಂದ ಹಿಮದ ಮೇಲೆ ಸಣ್ಣ ಚುಕ್ಕೆಗಳ ಸಾಲೊಂದು ಹೊರಟಿತ್ತು, ಬಿಳಿ ಬಟ್ಟೆಗೆ ಹಾಕಿದ ಹೊಲಿಗೆಯ ಹಾಗೆ. ಸಾಹೇಬರು ಅದರ ಮೇಲೆ ಬೆರಳಾಡಿಸಿದರು. ಕೆಳಗಿನ ಶಿಬಿರದ ಕಡೆಗೆ ಹೋಗಬೇಕಿದ್ದ ಬೆರಳು ಫೋಟೊದ ಮೇಲಂಚಿಗೆ ಹೋಗಿ ಮುಟ್ಟಿತು.

“ಇಳೀತಿಲ್ಲ,” ಎಂದರು ಮೇಡಂ. “ಹತ್ತುತಿದಾರೆ. ಪಾಪ, ಆ ಎತ್ತರದಲ್ಲಿ ಮೂರು ರಾತ್ರಿ... ದಿಕ್ಕು ತಪ್ಪಿದೆ.”

“ಇವ್ರಿಗೆ ದಿಕ್ಕು ತಪ್ಪಲ್ಲ ಮೇಡಂ.” ತಂಗಿಯ ನಗು ಅರ್ಧಕ್ಕೇ ನಿಂತಿತ್ತು. “ಇಷ್ಟು ದೂರ ಇಳಿದು, ಜೀವ ಉಳಿಸಿಕೊಂಡು, ಮತ್ತೆ ಯಾಕೆ ಹತ್ತುತಾರೆ? ಮೇಷ್ಟ್ರು ಇಳಿದು ಬಂದಿದ್ದು ಇವ್ರಿಗೆ ಗೊತ್ತಿಲ್ಲ. ಅವ್ರಿನ್ನೂ ಮೇಲೇ ಇದಾರೆ ಅಂದ್ಕೊಂಡು ಹುಡುಕೋಕೆ ಹೋಗ್ತಿದಾರೆ. ಒಂದು ಕೈಗೆ ಗವಸೂ ಇಲ್ಲ.”

ಮೂಲೆಯ ವೈರ್‌ಲೆಸ್ಸು ಗರಗರ ಎಂದಿತು. ಕೆಳಗಿನ ಮೈದಾನದಿಂದ ಪೈಲಟ್ಟಿನ ದನಿ.

“ಮೇಡಂ, ಪಶ್ಚಿಮದಿಂದ ಮೋಡ ಎದ್ದಿದೆ. ಇನ್ನು ಒಂದೇ ಒಂದು ಸಲ ಹೋಗಿ ಬರಬಹುದು, ಒಂದೇ ಕಡೆ. ಕಪ್ಪು ಬಂಡೆಗೋ, ಮೇಲೆ ಭುಜದ ಸಮತಟ್ಟಿಗೋ?”

ಮೇಡಂ ಕಿಟಕಿಯ ಕಡೆ ನೋಡಿದರು. “ಬರಿಗೈಯಲ್ಲಿ ಭುಜದ ತನಕ ಹತ್ತೋಕಾಗಲ್ಲ. ನಿಮ್ಮೋರು ಅರ್ಧ ದಾರಿಯಿಂದ ಬಂಡೆಗೇ ವಾಪಸ್ ಬಂದಿರ್ತಾರೆ. ನಾನಾಗಿದ್ರೆ ಬಂಡೆಗೆ ಕಳಿಸ್ತೀನಿ.” ಮೈಕನ್ನು ತಂಗಿಯ ಕಡೆ ಸರಿಸಿ ಸೇರಿಸಿದರು, “ಆದ್ರೆ ಅವರನ್ನ ಬಲ್ಲೋರು ನೀವು.”

ಸಾಹೇಬರು ತಂಗಿಯನ್ನು ನೋಡಿದರು.

ತಂಗಿ ಮೇಷ್ಟ್ರ ದಿಂಬಿನಡಿಯಿಂದ ತಂದಿದ್ದ ಗವಸನ್ನು ಎದೆಗೊತ್ತಿ ಹಿಡಿದು, ಇನ್ನೊಂದು ಕೈಯಿಂದ ಮೈಕು ಎತ್ತಿಕೊಂಡಳು. “ಭುಜಕ್ಕೆ ಹೋಗಿ, ಜೊತೆಗಾರರನ್ನ ಬಿಟ್ಟು ಇವ್ರು ಅರ್ಧದಿಂದ ತಿರುಗಲ್ಲ,” ಎಂದಳು.